ತಂದೆಯ ಪಾಲು ಮೌನ

ಮಕ್ಕಳೇ, ನಮ್ಮ ಕಡೆಯ ದಾಳಿಂಬೆ ತೋಟಗಳಲ್ಲಿ ಹಿಟ್ಟು ಮೆತ್ತಿದಂಥ ಬಿಳಿ ಹುಳುವನ್ನು ನೋಡಿರುವಿರಲ್ಲವೆ? ಮರಾಠಿಯಲ್ಲಿ ಪಿಠ್ಯಾ ಢೇಕೂಣ, ಕನ್ನಡದಲ್ಲಿ ಹಿಟ್ಟುತಿಗಣೆ. ರೆಕ್ಕೆಯಿಲ್ಲದೆ ಕಾಯಿಗಂಟಿ ರಸ ಹೀರುವುದು ಹೆಣ್ಣು. ಗಂಡಿಗೆ ರೆಕ್ಕೆಯುಂಟು, ಬೆಳೆದ ಮೇಲೆ ಉಣ್ಣಲು ಬಾಯಿಯೇ ಇಲ್ಲ, ಪಾಪ!

ಇಷ್ಟು ಭೇದವಿದ್ದರೂ ಎರಡಕ್ಕೂ ತಾಯಿಯಿಂದ 5, ತಂದೆಯಿಂದ 5 ವರ್ಣತಂತುಗಳೇ ಬರುತ್ತವೆ. ಆದರೆ ಗಂಡಾಗುವ ಭ್ರೂಣದಲ್ಲಿ ತಂದೆಯ ಐದೂ ಬಿಗಿಯಾಗಿ ಸುತ್ತಿಕೊಂಡು ಬಹುಮಟ್ಟಿಗೆ ಮೌನವಾಗುತ್ತವೆ. ಪುಸ್ತಕ ಮನೆಯಲ್ಲಿದೆ, ಗಂಟು ಬಿಚ್ಚಿಲ್ಲ, ಅಷ್ಟೆ. ಗಂಡು ಮುಂದಿನ ಪೀಳಿಗೆಗೆ ದಾಟಿಸುವುದು ತನ್ನ ತಾಯಿಯ ಪಾಲನ್ನು ಮಾತ್ರ. ವಿಚಿತ್ರವೆಂದರೆ, ಅವನಲ್ಲಿ ಕೆಲಸ ಮಾಡಿದ ಅದೇ ಪಾಲು ಅವನ ಗಂಡು ಸಂತಾನದಲ್ಲಿ ಮೌನ!

ಹಾಗಾದರೆ ತಂದೆಯದೆಂಬ ಗುರುತು ಎಲ್ಲಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಎಚ್. ಶರತ್ ಚಂದ್ರ ಮತ್ತು ಸಂಗಡಿಗರು ಇದನ್ನೇ ವರ್ಷಗಟ್ಟಲೆ ಹುಡುಕಿದರು. ಡಿಎನ್ಎ ಕತ್ತರಿಸುವ ಕಿಣ್ವಕ್ಕೂ ಜಗ್ಗದ ಒಂದು ಭಾಗ ಗಂಡುಗಳಲ್ಲಿ ಮಾತ್ರ ಇರುವುದನ್ನು 1996ರಲ್ಲಿ ಪ್ರಕಟಿಸಿದರು.