ಎರಡಂಗುಲದ ಬೆಲ್ಟು: ವೋಲ್ವೊ ಕಾರಿನ ಇತಿಹಾಸದಿಂದ ಒಂದು ಪಾಠ

ವೋಲ್ವೊ ಎಂದೊಡನೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಬಸ್ಸು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಿಂದ ಊರಿಗೆ ಹೊರಟವರನ್ನು "ವೋಲ್ವೊಗೆ ಟಿಕೇಟು ಸಿಕ್ಕಿತೇ?" ಎಂದು ಕೇಳುವುದು ವಾಡಿಕೆ. ಬೇರೆ ಕಂಪನಿಯ ತಂಪು ಬಸ್ಸನ್ನೂ ವೋಲ್ವೊ ಎಂದೇ ಕರೆಯುವಷ್ಟು ಆ ಹೆಸರು ಮನೆಮಾತಾಗಿದೆ. ಆದರೆ ಲೋಕದಲ್ಲಿ ಈ ಹೆಸರಿಗೆ ಮಾನ ಬಂದುದು ಕಾರಿನಿಂದ. ಗಾಡಿ ಜಖಂ ಆದರೂ ಒಳಗಿರುವ ಜೀವ ಉಳಿಯಬೇಕೆಂಬ ಒಂದು ಹಟದಿಂದ. ಆ ಹಟದ ಕಥೆಯನ್ನೇ ಈ ಸಂಚಿಕೆಯ ಪಾಠವಾಗಿ ಇಟ್ಟುಕೊಂಡಿದ್ದೇವೆ. ಸ್ವಂತ ಕಾರು ಕೊಳ್ಳುವ ಅನುಕೂಲ ನಮ್ಮಲ್ಲಿ ಅನೇಕರಿಗಿಲ್ಲ. ಆದರೂ ಮದುವೆಗೋ, ಆಸ್ಪತ್ರೆಗೋ, ಸ್ಟೇಷನ್ನಿಗೋ ಬಾಡಿಗೆ ಕಾರಿನಲ್ಲಿ ಕೂರದವರು ವಿರಳ. ಆದುದರಿಂದ ವಿಷಯವು ಎಲ್ಲರಿಗೂ ಸಂಬಂಧಪಟ್ಟದ್ದು.

ಬೇರಿಂಗಿನಿಂದ ಹುಟ್ಟಿದ ಕಾರು

ಗಿರಣಿಗಳಲ್ಲಿ ದುಡಿಯುವವರಿಗೆ ಎಸ್.ಕೆ.ಎಫ್. ಎಂಬ ಮೂರಕ್ಷರ ಪರಿಚಿತ. ಯಂತ್ರದ ದಂಡ ಸಲೀಸಾಗಿ ತಿರುಗಲು ಹಾಕುವ ಬೇರಿಂಗುಗಳನ್ನು ಮಾಡುವ ಸ್ವೀಡನ್ ದೇಶದ ಕಂಪನಿ ಅದು. 'ವೋಲ್ವೊ' ಎಂಬ ಹೆಸರನ್ನು ಮೊತ್ತಮೊದಲು 1915ರಲ್ಲಿ ನೋಂದಾಯಿಸಿದವರು ಇವರೇ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ 'ನಾನು ಉರುಳುತ್ತೇನೆ' ಎಂದು. ಆ ಕಂಪನಿಯಲ್ಲಿ ಮಾರಾಟದ ಕೆಲಸ ನೋಡುತ್ತಿದ್ದ ಅಸ್ಸಾರ್ ಗೇಬ್ರಿಯೆಲ್ಸನ್ ಮತ್ತು ಇಂಜಿನಿಯರ್ ಗುಸ್ತಾಫ್ ಲಾರ್ಸನ್ ಇಬ್ಬರೂ ಕೂಡಿ ಸ್ವದೇಶಿ ಕಾರೊಂದನ್ನು ಕಟ್ಟಲು ಮುಂದಾದರು. ಎಸ್.ಕೆ.ಎಫ್. ಹಣವನ್ನೂ ಹೆಸರನ್ನೂ ಒದಗಿಸಿತು. 1927ರ ಏಪ್ರಿಲ್ 14ರಂದು ಗೊಥೆನ್‌ಬರ್ಗ್ ನಗರದ ಕಾರಖಾನೆಯಿಂದ ಮೊದಲನೆಯ ಕಾರು ಹೊರಬಿತ್ತು.

ಸ್ವೀಡನ್ ಚಳಿಯ ದೇಶ. ಅಲ್ಲಿ ಹಿಮ ಬಿದ್ದ ದಾರಿ, ಜಾರುವ ನೆಲ, ದೀರ್ಘ ಕತ್ತಲೆ. ಅಂಥ ರಸ್ತೆಗೆ ತಕ್ಕ ಗಟ್ಟಿ ಗಾಡಿ ಬೇಕೆಂಬುದು ಸ್ಥಾಪಕರ ವಿಚಾರ. 1944ರಲ್ಲಿ ಅವರು ಜನರಿಗೆ ತೋರಿಸಿದ ಪಿ.ವಿ. 444 ಎಂಬ ಮಾದರಿಯಲ್ಲಿ ಎರಡು ಹೊಸತನಗಳಿದ್ದವು. ಒಂದು, ಒಡೆದರೂ ಚೂರುಚೂರಾಗಿ ಮುಖಕ್ಕೆ ಸಿಡಿಯದ ಪದರುಗಾಜು. ಇನ್ನೊಂದು, ಕುಳಿತವರ ಸುತ್ತ ಪಂಜರದಂತೆ ನಿಲ್ಲುವ ಬಲವಾದ ಚೌಕಟ್ಟು.

ಡಿಕ್ಕಿಯಲ್ಲಿ ಆಗುವುದೇನು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಹತ್ತು ಮೀಟರು ಎತ್ತರದಿಂದ, ಎಂದರೆ ಚಾಳಿನ ಮೂರನೆಯ ಮಹಡಿಯಿಂದ, ಕೆಳಗೆ ಬಿದ್ದವನು ನೆಲ ಮುಟ್ಟುವಾಗ ಇರುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಕಾರು ಗೋಡೆಗೆ ಬಡಿದು ನಿಂತಿತೆನ್ನಿ. ಕಾರು ನಿಂತಿತೇ ಹೊರತು ಒಳಗಿರುವವನ ಮೈ ನಿಲ್ಲಲಿಲ್ಲ. ಲೋಕಲ್ ಗಾಡಿಗೆ ಥಟ್ಟನೆ ಬ್ರೇಕು ಬಿದ್ದರೆ ನಿಂತವರು ಮುಂದಕ್ಕೆ ವಾಲುವಂತೆ, ಅವನ ಮೈ ಅದೇ 14 ಮೀಟರಿನ ವೇಗದಲ್ಲಿ ಮುಂದಕ್ಕೆ ಹೋಗಿ ಚಕ್ರಕ್ಕೋ ಗಾಜಿಗೋ ಬಡಿಯುತ್ತದೆ. ಹಿಂದೆ ಕುಳಿತವನು ಮುಂದಿನ ಆಸನಕ್ಕೂ, ಅದರಲ್ಲಿ ಕುಳಿತವರಿಗೂ ಬಡಿಯುತ್ತಾನೆ.

ಜೀವ ಉಳಿಸುವ ಉಪಾಯವೂ ಇದರಲ್ಲೇ ಇದೆ. ಹಿಂಜಿದ ಹತ್ತಿಯ ರಾಶಿಯ ಮೇಲೆ ಬಿದ್ದವನಿಗೂ ಕಲ್ಲುಹಾಸಿನ ಮೇಲೆ ಬಿದ್ದವನಿಗೂ ಇರುವ ವ್ಯತ್ಯಾಸವನ್ನು ನೆನೆಯಿರಿ. ವೇಗವು ಒಂದೇ, ಹತ್ತಿಯಲ್ಲಿ ಮೈ ನಿಲ್ಲಲು ಹೆಚ್ಚು ದೂರ ಸಿಗುತ್ತದೆ, ಕಲ್ಲಿನಲ್ಲಿ ಸಿಗುವುದಿಲ್ಲ. ಆದುದರಿಂದ ಕಾರಿನ ಮೂತಿ ಮಡಿಚಿಕೊಂಡು ಪೆಟ್ಟನ್ನು ನುಂಗಬೇಕು, ನಡುವಣ ಪಂಜರ ಗಟ್ಟಿಯಾಗಿ ನಿಲ್ಲಬೇಕು, ಮೈಯನ್ನು ಆ ಪಂಜರಕ್ಕೆ ಕಟ್ಟಿಡಬೇಕು. ಈ ಮೂರನೆಯ ಕೆಲಸವೇ ಬೆಲ್ಟಿನದು.

ಬೂಲಿನ್ನರ ಬೆಲ್ಟು

ಬೆಲ್ಟುಗಳು ಮೊದಲೂ ಇದ್ದವು. ವಿಮಾನದಲ್ಲಿರುವಂತೆ ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಮೈಯ ಮೇಲ್ಭಾಗವನ್ನು ತಡೆಯುತ್ತಿರಲಿಲ್ಲ. ತಲೆ ಮುಂದಕ್ಕೆ ಬಡಿಯುತ್ತಿತ್ತು, ಹೊಟ್ಟೆಯೊಳಗೆ ಪೆಟ್ಟಾಗುತ್ತಿತ್ತು. ಆಗ ವೋಲ್ವೊದ ಮುಖ್ಯಾಧಿಕಾರಿ ಗುನ್ನಾರ್ ಎಂಗೆಲಾವ್. ಅವರ ಬಂಧುವೊಬ್ಬರು ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. 1958ರಲ್ಲಿ ಅವರು ನೀಲ್ಸ್ ಬೂಲಿನ್ ಎಂಬ ಇಂಜಿನಿಯರರನ್ನು ಸುರಕ್ಷತೆಯ ಕೆಲಸಕ್ಕೆಂದೇ ನೇಮಿಸಿದರು. ಬೂಲಿನ್ನರು ಅದಕ್ಕೆ ಮುಂಚೆ ಸಾಬ್ ವಿಮಾನ ಕಾರಖಾನೆಯಲ್ಲಿ, ಅಪಾಯ ಬಂದಾಗ ಚಾಲಕನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದವರು.

ಯುದ್ಧವಿಮಾನದ ಚಾಲಕನು ಎಷ್ಟು ಬಿಗಿದರೂ ಸಹಿಸಿಯಾನು. ಪೇಟೆಗೆ ಹೊರಟ ಗೃಹಸ್ಥನು ಸಹಿಸುವುದಿಲ್ಲ. ಆದುದರಿಂದ ಒಂದೇ ಕೈಯಿಂದ ಕ್ಷಣಮಾತ್ರದಲ್ಲಿ ಹಾಕಿಕೊಳ್ಳುವಂತಿರಬೇಕು. ಬೂಲಿನ್ನರು ಒಂದು ಪಟ್ಟಿಯನ್ನು ಎದೆಯ ಮೇಲೆ ಓರೆಯಾಗಿಯೂ ಇನ್ನೊಂದನ್ನು ಸೊಂಟದ ಮೇಲೆ ಅಡ್ಡವಾಗಿಯೂ ತಂದು, ಎರಡನ್ನೂ ಆಸನದ ಪಕ್ಕದಲ್ಲಿ ಕೆಳಗೆ ಒಂದೇ ಕೊಂಡಿಗೆ ಸೇರಿಸಿದರು. ಭಾರವನ್ನು ಮೆತ್ತಗಿನ ಹೊಟ್ಟೆಯ ಬದಲು ಎದೆಗೂಡು ಮತ್ತು ಸೊಂಟದ ಎಲುಬು ಹೊರುತ್ತವೆ. 1959ರ ಆಗಸ್ಟಿನಲ್ಲಿ ಈ ಬೆಲ್ಟು ಹಾಕಿದ ಮೊದಲ ಕಾರು ಗಿರಾಕಿಯ ಕಡೆಗೆ ಹೊರಟಿತು. ಇಂದು ನಮ್ಮ ಬಾಡಿಗೆ ಕಾರುಗಳಲ್ಲಿರುವ ಬೆಲ್ಟಿನ ಮೂಲರೂಪವೂ ಇದೇ.

ಇದರ ಪೇಟೆಂಟು ವೋಲ್ವೊದ ಕೈಯಲ್ಲಿತ್ತು. ಮನಸ್ಸು ಮಾಡಿದ್ದರೆ ಬೇರೆ ಕಂಪನಿಗಳಿಂದ ಕಾರಿಗೆ ಇಷ್ಟೆಂದು ಹಣ ವಸೂಲು ಮಾಡಬಹುದಾಗಿತ್ತು. ಹಾಗೆ ಮಾಡದೆ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಲಾಭಕ್ಕಾಗಿಯೇ ನಡೆಯುವ ವ್ಯಾಪಾರದಲ್ಲಿ ಇಂಥ ದಾನ ಅಪರೂಪ. ಬೂಲಿನ್ನರು 2002ರಲ್ಲಿ ತೀರಿಕೊಂಡರು.

ಅಪಘಾತದ ದಾಖಲೆ

ಕಾರಖಾನೆಯಲ್ಲಿ ಯಾರಿಗಾದರೂ ಗಾಯವಾದರೆ ದಾಖಲೆ ಪುಸ್ತಕದಲ್ಲಿ ಬರೆಯುವುದುಂಟು: ಯಾರಿಗೆ, ಎಷ್ಟು ಗಂಟೆಗೆ, ಯಾವ ಯಂತ್ರದಲ್ಲಿ, ಯಾವ ಕಾರಣದಿಂದ. ನಮ್ಮಂಥ ಗುಮಾಸ್ತರಿಗೆ ಇದು ದಿನದ ಕೆಲಸ. ಆದರೆ ಬರೆದದ್ದನ್ನು ತಿರುಗಿ ಓದಿ ಯಂತ್ರವನ್ನು ತಿದ್ದಿದಾಗ ಮಾತ್ರ ಆ ಪುಸ್ತಕಕ್ಕೆ ಬೆಲೆ. ವೋಲ್ವೊದವರು ಮಾಡಿದ್ದು ಇದನ್ನೇ. 1967ರಲ್ಲಿ ಬೂಲಿನ್ನರು ಸ್ವೀಡನ್ನಿನ 28,000 ಅಪಘಾತಗಳ ಲೆಕ್ಕವನ್ನು ಮುಂದಿಟ್ಟರು. ಬೆಲ್ಟು ಹಾಕದವರು ಗಂಟೆಗೆ 20 ಕಿಲೋಮೀಟರಿನಂಥ ಸಣ್ಣ ವೇಗದಲ್ಲೂ ಸತ್ತಿದ್ದರು. ಬೆಲ್ಟು ಹಾಕಿದವರಲ್ಲಿ ಸುಮಾರು 95 ಕಿಲೋಮೀಟರಿನ ಒಳಗಿನ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. 1970ರಲ್ಲಿ ಅಪಘಾತದ ಸ್ಥಳಕ್ಕೇ ಹೋಗಿ ಪರಿಶೀಲಿಸುವ ತಂಡವೊಂದನ್ನು ಏರ್ಪಡಿಸಿದರು.

ಇಂಥ ಪರಿಶೀಲನೆಯ ಫಲಗಳು ಒಂದೊಂದಾಗಿ ಕಾರಿನೊಳಗೆ ಬಂದವು. ಹಸುಮಗುವಿನ ತಲೆ ಭಾರ, ಕತ್ತು ಎಳಸು. ಆದುದರಿಂದ ಮಗುವನ್ನು ಹಿಂಬದಿಗೆ ಮುಖಮಾಡಿ ಕೂರಿಸುವ ಆಸನವನ್ನು 1964ರಲ್ಲಿ ಪರೀಕ್ಷಿಸಿ, 1972ರಲ್ಲಿ ಮಾರಾಟಕ್ಕೆ ತಂದರು. 1991ರಲ್ಲಿ ಪಕ್ಕದ ಪೆಟ್ಟನ್ನು ಹಂಚಿಕೊಳ್ಳುವ ಕಟ್ಟಡ, 1994ರಲ್ಲಿ ಪಕ್ಕದಲ್ಲಿ ಉಬ್ಬುವ ಗಾಳಿಚೀಲ, 1998ರಲ್ಲಿ ಕತ್ತು ಉಳುಕದಂತೆ ಹಿಡಿಯುವ ಆಸನ, 2008ರಲ್ಲಿ ಎದುರಿನ ಗಾಡಿಯನ್ನು ಕಂಡು ತಾನೇ ಬ್ರೇಕು ಹಾಕುವ ಏರ್ಪಾಡು. ಅತಿವೇಗವೂ ಕೊಲ್ಲುತ್ತದೆಂದು 2020ರಲ್ಲಿ ತಮ್ಮ ಹೊಸ ಕಾರುಗಳು ಗಂಟೆಗೆ 180 ಕಿಲೋಮೀಟರಿಗಿಂತ ಜೋರಾಗಿ ಓಡದಂತೆ ತಾವೇ ಮಿತಿ ಹಾಕಿದರು.

ಮಾಲೀಕರ ಅನುಭವ

ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಉಪಾಧ್ಯಾಯರಿದ್ದರು. 1966ರಲ್ಲಿ ಅವರು ಕೆಂಪು ಬಣ್ಣದ ವೋಲ್ವೊ ಒಂದನ್ನು ಕೊಂಡರು. ದಿನವೂ ಶಾಲೆಗೆ ಹೋಗಿಬರಲು ಇನ್ನೂರು ಕಿಲೋಮೀಟರಿನ ದಾರಿ. 1987ರಲ್ಲಿ ಆ ಕಾರು ಹತ್ತು ಲಕ್ಷ ಮೈಲಿ ಮುಗಿಸಿತು, 2002ರಲ್ಲಿ ಇಪ್ಪತ್ತು ಲಕ್ಷ, 2013ರಲ್ಲಿ ಮೂವತ್ತು ಲಕ್ಷ. ಎಂದರೆ 48 ಲಕ್ಷ ಕಿಲೋಮೀಟರು. ಭೂಮಿಯನ್ನು 120 ಸಲ ಸುತ್ತಿದಷ್ಟು. ಗುಟ್ಟೇನೆಂದರೆ, ಕಂಪನಿಯ ಪುಸ್ತಕದಲ್ಲಿ ಹೇಳಿದ ದಿನಕ್ಕೆ ಎಣ್ಣೆ ಬದಲಾಯಿಸುವುದು, ಸಣ್ಣ ಸದ್ದಾದರೂ ಅಲಕ್ಷ್ಯ ಮಾಡದಿರುವುದು. 2018ರಲ್ಲಿ ಅವರು ತೀರಿಕೊಂಡರು.

ಎಲ್ಲರ ಅನುಭವವೂ ಸಿಹಿಯಲ್ಲ. 1974ರಿಂದ 1993ರವರೆಗೆ ಬಂದ ಚೌಕಾಕಾರದ 200ರ ಸಾಲಿನ ಕಾರುಗಳನ್ನು ಅಮೆರಿಕದವರು 'ಇಟ್ಟಿಗೆ' ಎಂದು ಪ್ರೀತಿಯಿಂದಲೇ ಕರೆದರು. ಆದರೆ 1980ರ ದಶಕದ ಗಾಡಿಗಳಲ್ಲಿ ಇಂಜಿನ್ನಿನ ತಂತಿಗಳ ಹೊದಿಕೆ ಪುಡಿಯಾಗಿ ಉದುರುತ್ತಿತ್ತೆಂದು ಮಾಲೀಕರು ಗೋಳಾಡಿದ್ದೂ ಉಂಟು. 2020ರಲ್ಲಿ ಮುಂದಿನ ಆಸನದ ಬೆಲ್ಟಿಗೆ ಸೇರಿದ ಉಕ್ಕಿನ ತಂತಿ ಸವೆಯಬಹುದೆಂದು ಕಂಡುಬಂದು, ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಬೆಲ್ಟಿನ ತವರುಮನೆಗೇ ಈ ಪಾಡು!

ಅಪಘಾತದಿಂದ ಪಾರಾದ ಮಾಲೀಕರು ಕಂಪನಿಗೆ ಕೃತಜ್ಞತೆಯ ಪತ್ರ ಬರೆಯುವುದುಂಟು. ಅವು ಮನಕರಗಿಸುವಂಥವು. ಆದರೆ ವಾಚಕರು ಒಂದನ್ನು ಗಮನಿಸಬೇಕು: ಬದುಕಿದವರು ಮಾತ್ರ ಪತ್ರ ಬರೆಯಬಲ್ಲರು. ಆದುದರಿಂದ ಕಾರಿನ ಗುಣವನ್ನು ಪತ್ರಗಳಿಂದ ಅಳೆಯದೆ, ಸತ್ತವರನ್ನೂ ಎಣಿಸಿದ ಲೆಕ್ಕದಿಂದ ಅಳೆಯಬೇಕು.

ಹೆಸರು ಕಾಯುವುದಿಲ್ಲ

1990ರಲ್ಲಿ ಅಮೆರಿಕದಲ್ಲಿ ವೋಲ್ವೊದ ಜಾಹೀರಾತೊಂದು ಬಂತು. ಸಾಲಾಗಿ ನಿಂತ ಕಾರುಗಳ ಮೇಲೆ ದೈತ್ಯಗಾಲಿಯ ಲಾರಿ ಹತ್ತಿಹೋಗುತ್ತದೆ. ಮಿಕ್ಕವೆಲ್ಲ ಚಪ್ಪಟೆ, ವೋಲ್ವೊ ಮಾತ್ರ ನೆಟ್ಟಗೆ. ಆಮೇಲೆ ತಿಳಿದುಬಂತು: ಚಿತ್ರ ತೆಗೆಯುವಾಗ ವೋಲ್ವೊದ ಚಾವಣಿಗೆ ಒಳಗಿನಿಂದ ಆಸರೆ ಕೊಟ್ಟು, ಬೇರೆ ಕಾರುಗಳ ಕಂಬಗಳನ್ನು ಕೊಯ್ದಿದ್ದರು. ಟೆಕ್ಸಾಸ್ ರಾಜ್ಯದ ಸರ್ಕಾರಿ ವಕೀಲರು ಹಿಡಿದುಕೊಂಡ ಮೇಲೆ ಕಂಪನಿ ಆ ಜಾಹೀರಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಮೂವತ್ತು ವರ್ಷ ನಿಜದಿಂದ ಗಳಿಸಿದ ಹೆಸರಿಗೆ ಸುಳ್ಳಿನ ಆಸರೆ ಏಕೆ ಬೇಕಾಯಿತೋ!

ನಮ್ಮ ನಾಡಿಗೂ ಈ ಹೆಸರಿಗೂ ನಂಟುಂಟು. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ವೋಲ್ವೊ ಲಾರಿಗಳ ತಯಾರಿಕೆ 1998ರಲ್ಲೂ ಬಸ್ಸುಗಳದ್ದು 2001ರಲ್ಲೂ ಮೊದಲಾಯಿತು. ಕರ್ನಾಟಕ ಸಾರಿಗೆಯ 'ಐರಾವತ'ವನ್ನು ಅರಿಯದವರಾರು? 2017ರಲ್ಲಿ ಬೆಂಗಳೂರಿನ ಬಳಿ ಕಾರುಗಳ ಜೋಡಣೆಯೂ ಆರಂಭವಾಯಿತು. ಆದರೆ ಬಸ್ಸಿನ ವೋಲ್ವೊ ಬೇರೆ, ಕಾರಿನ ವೋಲ್ವೊ ಬೇರೆ. ಕಾರಿನ ಭಾಗವನ್ನು 1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಕೊಂಡಿತು. 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಕೈಸೇರಿತು.

2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೊ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿ ಉರಿದು, 45 ಜನ ಪ್ರಾಣ ಕಳೆದುಕೊಂಡರು. ಗಾಡಿಯ ಮೇಲಿನ ಹೆಸರು ಯಾರನ್ನೂ ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಃಖದ ನಿದರ್ಶನ ಬೇಡ.

ನಾವು ಮಾಡತಕ್ಕದ್ದು

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇವರಲ್ಲಿ 16,715 ಜನ ಸೀಟ್ ಬೆಲ್ಟು ಹಾಕದವರು. ಆ ಪೈಕಿ ಸುಮಾರು ಅರ್ಧದಷ್ಟು ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷ ಸೆಪ್ಟೆಂಬರ್ 4ರಂದು ಅಹಮದಾಬಾದು–ಮುಂಬಯಿ ಹೆದ್ದಾರಿಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಕಾರು ಬೆಲೆಬಾಳುವಂಥದು, ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. "ಹಿಂದೆ ಕೂತವರಿಗೇಕೆ ಬೆಲ್ಟು?" ಎನ್ನುವವರಿಗೆ ಉತ್ತರ ಇಲ್ಲಿದೆ. ಕಾನೂನೂ ಹಾಗೆಯೇ: ಹಿಂದೆ ಕುಳಿತವರೂ ಹಾಕಲೇಬೇಕು, ತಪ್ಪಿದರೆ 2019ರ ತಿದ್ದುಪಡಿಯಂತೆ ಸಾವಿರ ರೂಪಾಯಿ ದಂಡ.

ಹಾಕುವ ಕ್ರಮವನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಡಿರಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಬಸುರಿಯರು ಹೊಟ್ಟೆಯ ಕೆಳಗೆ ತರಬೇಕು. ಮೇಲಿನ ಪಟ್ಟಿ ಹೆಗಲಿನ ನಡುವೆ ಹಾಯಬೇಕು. ಕಂಕುಳಿನ ಕೆಳಗೆ ಸೇರಿಸಬಾರದು. ಬಾಡಿಗೆ ಕಾರಿನಲ್ಲಿ ಹಿಂದಿನ ಬೆಲ್ಟನ್ನು ಸೀಟಿನ ಹೊದಿಕೆಯ ಅಡಿ ತುರುಕಿರುತ್ತಾರೆ. ಹೊರಡುವ ಮೊದಲೇ ತೆಗೆಸಿರಿ. "ಯಾಕೆ ಸಾಹೇಬರೇ, ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಚಾಲಕನು ನಕ್ಕರೆ ನಗಲಿ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ನಮ್ಮವರ ರೂಢಿ. 50 ಕಿಲೋಮೀಟರು ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತರೆ, ಹತ್ತು ಕಿಲೋ ತೂಕದ ಮಗು ಆ ಕ್ಷಣಕ್ಕೆ ಎರಡು ಕ್ವಿಂಟಾಲಿನಂತೆ ಎಳೆಯುತ್ತದೆ. ಎಷ್ಟೇ ಪ್ರೀತಿಯ ತಾಯಿಯ ಕೈಗೂ ಅದು ನಿಲ್ಲದು. ಮಗುವಿಗೆ ಅದರದೇ ಆಸನ ಬೇಕು, ಅದೂ ಹಿಂದಿನ ಸೀಟಿನಲ್ಲಿ. ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಹಿಮ್ಮುಖದ ಆಸನವನ್ನು ಇಡಲೇಬಾರದು. ಚೀಲ ಉಬ್ಬಿದರೆ ಮಗುವಿಗೇ ಪೆಟ್ಟು. ಬಸ್ಸಿನಲ್ಲಾದರೆ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ನಿದ್ದೆಗೆ ಮೊದಲು ನೋಡಿಟ್ಟುಕೊಳ್ಳಿರಿ.

ವೋಲ್ವೊ ಕಾರು ಶ್ರೀಮಂತರ ಸೊತ್ತು. ಆದರೆ ಅದರ ಅತ್ಯುತ್ತಮ ಭಾಗವನ್ನು ಅವರು ಲೋಕಕ್ಕೆ ಪುಕ್ಕಟೆಯಾಗಿ ಕೊಟ್ಟಾಗಿದೆ. ಅದು ನಮ್ಮ ಹೆಗಲ ಪಕ್ಕದಲ್ಲೇ ತೂಗಾಡುತ್ತಿರುತ್ತದೆ. ಕೈಚಾಚಿ ಎಳೆದುಕೊಳ್ಳುವ ಕೆಲಸ ಮಾತ್ರ ನಮ್ಮದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಸೊಂಟದ ಬೆಲ್ಟಿಗಿಂತ ಬೂಲಿನ್ನರ ಬೆಲ್ಟು ಯಾವ ರೀತಿಯಲ್ಲಿ ಮೇಲು?
2. ಕಾರಿನ ಮೂತಿ ಮಡಿಚಿಕೊಳ್ಳುವುದು ದೋಷವೋ ಗುಣವೋ? ಕಾರಣ ಕೊಡಿರಿ.
3. ಬದುಕಿದವರ ಪತ್ರಗಳಿಂದ ಮಾತ್ರ ಕಾರಿನ ಗುಣವನ್ನು ನಿರ್ಣಯಿಸಬಾರದೇಕೆ?
4. ಮುಂದಿನ ಸಲ ಊರಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಎಷ್ಟು ಜನ ಬೆಲ್ಟು ಹಾಕಿದರೆಂದು ಎಣಿಸಿ, ವಾಚನಾಲಯದ ಪುಸ್ತಕದಲ್ಲಿ ಬರೆಯಿರಿ.