ಕತ್ತಲ ದೃಶ್ಯವನ್ನು ಓಡಿಸಬೇಡ

ರಜೆ ಬಂದ ತಕ್ಷಣ ಹ್ಯಾರಿ ಪಾಟರನ ಎಂಟೂ ಸಿನಿಮಾಗಳನ್ನು ಒಂದೇ ಉಸಿರಿಗೆ ನೋಡಿ ಮುಗಿಸುತ್ತೇನೆ ಅಂತ ಹೊರಟಿದ್ದೀಯಂತೆ. ಜೊತೆಗೆ ಏಳು ವರ್ಷದ ತಂಗಿಯನ್ನೂ ಕೂರಿಸಿಕೊಳ್ಳುತ್ತೀಯಂತೆ. ಸಂತೋಷ ಮಗೂ. ನೀನು ಚುರುಕು, ನಿನ್ನ ಉತ್ಸಾಹಕ್ಕೆ ಅಡ್ಡ ಬರುವವಳು ನಾನಲ್ಲ. ಆದರೆ ರಿಮೋಟು ನಿನ್ನ ಕೈಗೆ ಸಿಕ್ಕಿದರೆ ಏನಾಗುತ್ತದೆ ಅಂತ ಈ ಅಜ್ಜಿಗೆ ಗೊತ್ತಿಲ್ಲವೇ? ಮಾತು ಜಾಸ್ತಿಯಾಯಿತೋ, ಓಡಿಸು. ಹೆದರಿಕೆಯಾಯಿತೋ, ಓಡಿಸು. ಓಡಿಸಿ ಓಡಿಸಿ ಕೊನೆಗೆ ‘ಏನೂ ತಲೆಬುಡ ತಿಳಿಯಲಿಲ್ಲ’ ಅಂತ ಸಿನಿಮಾದ ಮೇಲೇ ತಪ್ಪು ಹೊರಿಸು. ಮೊದಲ ಎರಡನ್ನು ಹೇಗಾದರೂ ನೋಡಿಕೋ. ಮೂರನೆಯದಕ್ಕೆ ಬಂದಾಗ ಮಾತ್ರ ನನ್ನ ನಾಲ್ಕು ಮಾತು ಕಿವಿಗೆ ಹಾಕಿಕೋ.

ಮೂರನೆಯದು ಅಂದರೆ ‘ಪ್ರಿಸನರ್ ಆಫ್ ಅಜ್ಕಬಾನ್’. 2004ರ ಮೇ ಕೊನೆಗೆ ಇಂಗ್ಲೆಂಡಿನ ಥಿಯೇಟರುಗಳಿಗೆ ಬಂತು, ಅದೇ ವರ್ಷ ನವೆಂಬರಿನಲ್ಲಿ ಡಿವಿಡಿಯಾಗಿ ಮನೆಮನೆಗೆ ಬಂತು. ಮೊದಲೆರಡು ಸಿನಿಮಾ ಮಾಡಿದವರು ಕ್ರಿಸ್ ಕೊಲಂಬಸ್. ಅವುಗಳಲ್ಲಿ ಬೆಳಕು ಜಾಸ್ತಿ, ಊಟದ ಮೇಜು ತುಂಬಾ ತಿಂಡಿ, ಭಯವಾದರೂ ಬೇಗ ಕರಗುವ ಭಯ. ಮೂರನೆಯದನ್ನು ಮೆಕ್ಸಿಕೊದ ಅಲ್ಫೊನ್ಸೊ ಕ್ವಾರೋನ್ ಕೈಗೆ ಕೊಟ್ಟರು. ಆತ ಅಲ್ಲಿಯವರೆಗೆ ಆ ಪುಸ್ತಕಗಳನ್ನು ಮುಟ್ಟಿಯೇ ಇರಲಿಲ್ಲ. ಗೆಳೆಯ ಗಿಯೆರ್ಮೊ ಡೆಲ್ ಟೊರೊ ಚೆನ್ನಾಗಿ ಬೈದು ಓದುವುದಕ್ಕೆ ಕಳಿಸಿದರಂತೆ. ಅಂಥ ಗೆಳೆಯರನ್ನು ಇಟ್ಟುಕೋ ಮಗೂ, ಅವರು ಬೈದಾಗ ಮುಖ ಊದಿಸಿಕೊಳ್ಳಬೇಡ.

ಓದಿ ಬಂದ ಕ್ವಾರೋನ್ ಮಾಡಿದ್ದೇನು? ಹದಿಮೂರು ತುಂಬಿದ ಹುಡುಗನ ಕತೆಗೆ ಹದಿಮೂರರ ಬಣ್ಣವನ್ನೇ ಕೊಟ್ಟರು. ಮಕ್ಕಳ ಟೈ ಸಡಿಲವಾಯಿತು, ಶರ್ಟು ಪ್ಯಾಂಟಿನಿಂದ ಹೊರಗೆ ಬಂತು. ನಿನ್ನನ್ನು ನೋಡಿದರೇ ಗೊತ್ತಾಗುತ್ತದಲ್ಲ, ಆ ವಯಸ್ಸಿನಲ್ಲಿ ಯಾರು ಕಾಲರ್ ಗುಂಡಿ ಹಾಕುತ್ತಾರೆ? ಹ್ಯಾಗ್ರಿಡನ ಗುಡಿಸಲನ್ನು ಸ್ಕಾಟ್ಲೆಂಡಿನ ಗ್ಲೆನ್ಕೋ ಕಣಿವೆಯ ಇಳಿಜಾರಿಗೆ ಕೊಂಡುಹೋಗಿ ಕಟ್ಟಿಸಿದರು. ಮೋಡ, ಮಳೆ, ಕೆಸರು ಎಲ್ಲವೂ ಅಲ್ಲಿಯದೇ. ಹುಡುಗ ಬೆಳೆದ, ಅವನ ಸುತ್ತಲ ಬೆಳಕು ಇಳಿಯಿತು. ಹೊಸಬರು ಬಂದು ಮಕ್ಕಳ ಸಿನಿಮಾ ಕೆಡಿಸಿದರು ಅಂತ ಆಗ ಗೊಣಗಿದವರಿದ್ದಾರೆ. ಎಂಟರಲ್ಲಿ ಅತಿ ಕಡಿಮೆ ಹಣ ಮಾಡಿದ್ದೂ ಇದೇ. ಆದರೂ ಹೇಳುತ್ತೇನೆ, ಎಂಟರಲ್ಲಿ ಒಂದನ್ನೇ ಮನೆಯಲ್ಲಿ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುವುದು.

ಈಗ ರೈಲಿನ ದೃಶ್ಯಕ್ಕೆ ಬಾ. ನೀನು ರಿಮೋಟಿಗೆ ಕೈ ಹಾಕುವುದು ಇಲ್ಲೇ. ಹೊರಗೆ ಜಡಿಮಳೆ. ಓಡುತ್ತಿದ್ದ ರೈಲು ನಿಂತುಬಿಡುತ್ತದೆ, ದೀಪ ಆರುತ್ತದೆ. ಕಿಟಕಿಯ ಗಾಜಿನ ಮೇಲೆ ಮಂಜು ಚರಚರ ಹಬ್ಬುತ್ತದೆ. ಬಾಟಲಿಯೊಳಗಿನ ನೀರು ನೋಡನೋಡುತ್ತಲೇ ಹೆಪ್ಪುಗಟ್ಟುತ್ತದೆ. ಮಕ್ಕಳು ಉಸಿರು ಬಿಟ್ಟರೆ ಹೊಗೆ. ಆಮೇಲೆ ಬಾಗಿಲ ಹತ್ತಿರ ಒಣಗಿ ಸೆಟೆದ ಒಂದು ಕೈ. ಅದು ಡಿಮೆಂಟರ್, ಅಜ್ಕಬಾನ್ ಜೈಲಿನ ಕಾವಲಿನದು. ಅದಕ್ಕೆ ಮುಖವಿಲ್ಲ. ಮನುಷ್ಯನಲ್ಲಿರುವ ಸಂತೋಷವನ್ನೇ ಹೀರುತ್ತದೆ. ಆ ತೇಲುವ ನಡಿಗೆ ಹೇಗಿರಬೇಕು ಅಂತ ತಿಳಿಯಲು ಕ್ವಾರೋನ್ ತಂಡದವರು ನೀರಿನೊಳಗೆ ಬೊಂಬೆ ಆಡಿಸಿ ಚಿತ್ರ ತೆಗೆದು ನೋಡಿದರು. ಕೊನೆಗೆ ಕಂಪ್ಯೂಟರಿನಲ್ಲೇ ಮಾಡಿದರೂ ಬಟ್ಟೆ ನಿಧಾನಕ್ಕೆ ಅಲೆಯಾಡುವ ಆ ಚಲನೆ ಕಲಿತದ್ದು ನೀರಿನಿಂದ.

ತಂಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮುಚ್ಚಿಕೊಳ್ಳಲಿ. ನೀನು ಮಾತ್ರ ಓಡಿಸಬೇಡ. ಓಡಿಸಿದರೆ ಏನು ತಪ್ಪಿಹೋಗುತ್ತದೆ ಗೊತ್ತಾ? ಚಾಕಲೇಟು. ಮೂರ್ಛೆ ಹೋದ ಹ್ಯಾರಿ ಕಣ್ಣು ಬಿಟ್ಟಾಗ ಹರಕಲು ಕೋಟಿನ ಮೇಷ್ಟ್ರು ಲೂಪಿನ್ ಒಂದು ತುಂಡು ಚಾಕಲೇಟು ಮುರಿದು ಕೊಡುತ್ತಾರೆ. ತಿನ್ನು, ಸರಿಹೋಗುತ್ತೆ ಅನ್ನುತ್ತಾರೆ. ಭಾಷಣ ಇಲ್ಲ, ಗಂಡುಹುಡುಗ ಹೀಗೆ ಹೆದರಬಹುದಾ ಅನ್ನುವ ಕೊಂಕಿಲ್ಲ. ನಮ್ಮ ಮನೆಯಲ್ಲೂ ನೆಂಟರ ಮನೆಯಲ್ಲೂ ಈ ಸಿನಿಮಾ ನೋಡುವ ಮಕ್ಕಳನ್ನು ನಾನು ಪಕ್ಕದಲ್ಲಿ ಕೂತು ಗಮನಿಸಿದ್ದೇನೆ. ರಾತ್ರಿ ನಿದ್ದೆಗೆಡುವವರು ಈ ದೃಶ್ಯವನ್ನು ಪೂರ್ತಿ ನೋಡಿದವರಲ್ಲ. ಆ ಕೈ ಕಾಣಿಸಿದ ಗಳಿಗೆಯಲ್ಲೇ ಕೋಣೆ ಬಿಟ್ಟು ಓಡಿದವರು. ಅವರ ತಲೆಯೊಳಗೆ ಆ ಕೈ ಬಾಗಿಲಲ್ಲೇ ನಿಂತುಬಿಡುತ್ತದೆ. ಅದನ್ನು ಓಡಿಸಿದವರು ಯಾರು, ಹುಡುಗನನ್ನು ಎಬ್ಬಿಸಿ ಕೂರಿಸಿದವರು ಯಾರು, ಅದೊಂದೂ ಅವರಿಗೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ನೋಡುವುದರ ದೊಡ್ಡ ಅನುಕೂಲ ಇದೇ. ಪಾಸ್ ಒತ್ತು. ಲೈಟು ಹಾಕು. ಅವಳನ್ನು ಹತ್ತಿರ ಎಳೆದುಕೋ, ಕುಡಿಯಲು ನೀರು ಕೊಡು. ಆಮೇಲೆ ಅವಳೇ ‘ಹಾಕು’ ಅಂದ ಮೇಲೆ ಮುಂದೆ ಬಿಡು. ‘ಅಯ್ಯೋ ಪುಕ್ಕಲಿ’ ಅಂತ ರೇಗಿಸಿದೆಯೋ, ನನ್ನ ಕೈಯಲ್ಲಿ ಬೈಸಿಕೊಳ್ಳುತ್ತೀಯ.

ಈ ಡಿಮೆಂಟರುಗಳ ವಿಷಯ ನೀನೂ ಒಂದು ತಿಳಿದಿರು. ಪುಸ್ತಕ ಬರೆದ ರೌಲಿಂಗ್ ಖಿನ್ನತೆಯಲ್ಲಿ ಮುಳುಗಿ ಎದ್ದವರು. ಡಿಮೆಂಟರುಗಳು ಹುಟ್ಟಿದ್ದು ಆ ಅನುಭವದಿಂದಲೇ ಅಂತ ಅವರೇ ಹೇಳಿಕೊಂಡಿದ್ದಾರೆ. ಅದಕ್ಕೇ ಈ ಭೂತ ಹಲ್ಲು ಕಿರಿಯುವುದಿಲ್ಲ, ರಕ್ತ ಕುಡಿಯುವುದಿಲ್ಲ. ಇನ್ನು ಮುಂದೆ ಎಂದೂ ಒಳ್ಳೆಯದಾಗುವುದಿಲ್ಲ ಅನ್ನಿಸುವಂತೆ ಮಾಡುತ್ತದೆ, ಅಷ್ಟೇ. ನಿನ್ನ ವಾರಿಗೆಯ ಹುಡುಗರಲ್ಲಿ ಯಾರಾದರೂ ಹಾಗೆ ಮಂಕಾಗಿ ಕೂತದ್ದನ್ನು ಕಂಡರೆ ತಮಾಷೆ ಮಾಡಬೇಡ. ಪಕ್ಕದಲ್ಲಿ ಹೋಗಿ ಕೂತುಕೋ, ಮನೆಯ ದೊಡ್ಡವರಿಗೂ ಕಿವಿಯಲ್ಲಿ ಹಾಕು.

ನಗಬೇಕಾದ ಕಡೆ ಹೊಟ್ಟೆ ತುಂಬಾ ನಗು. ಲೂಪಿನ್ ಮೇಷ್ಟ್ರ ಕ್ಲಾಸಿದೆಯಲ್ಲ, ಅದು ನಗುವುದಕ್ಕೇ ಇರುವುದು. ಬೀರುವಿನೊಳಗೆ ಒಂದು ಬೊಗ್ಗಾರ್ಟ್. ಎದುರು ನಿಂತವರಿಗೆ ಯಾವುದರ ಭಯವೋ ಅದೇ ರೂಪ ತಾಳುತ್ತದೆ. ನೆವಿಲ್‌ಗೆ ಸ್ನೇಪ್ ಮೇಷ್ಟ್ರೆಂದರೆ ಜೀವ ಹೋಗುವ ಭಯ. ಅವನ ಮಂತ್ರಕ್ಕೆ ಸ್ನೇಪ್ ಅಜ್ಜಿಯ ಉಡುಪು, ಅಜ್ಜಿಯ ಟೋಪಿ, ಅಜ್ಜಿಯ ಕೈಚೀಲದಲ್ಲಿ ಪ್ರತ್ಯಕ್ಷ. ರಾನ್‌ನ ಜೇಡ ಕಾಲಿಗೆಲ್ಲ ಚಕ್ರ ಕಟ್ಟಿಕೊಂಡು ಜಾರಿ ಬೀಳುತ್ತದೆ. ಮೂಲೆಯಲ್ಲಿ ಗ್ರಾಮಾಫೋನ್ ಹಾಡುತ್ತಿರುತ್ತದೆ. ಆದರೆ ಹ್ಯಾರಿಯ ಸರದಿ ಬಂದಾಗ ನೋಡು, ಮೇಷ್ಟ್ರು ಅಡ್ಡ ಜಿಗಿಯುತ್ತಾರೆ. ಅವನ ಭಯ ನಕ್ಕು ಕಳೆಯುವಂಥದ್ದಲ್ಲ ಅಂತ ಅವರಿಗೆ ಗೊತ್ತು. ಅದಕ್ಕೆ ಬೇರೆ ಪಾಠ, ಒಬ್ಬನಿಗೇ, ಸಂಜೆ ಹೊತ್ತು.

ಆ ಪಾಠ ನಿನಗೂ ಬೇಕು, ಅದಕ್ಕೇ ಎಳೆದು ಹೇಳುತ್ತಿದ್ದೇನೆ. ಅತ್ಯಂತ ಸುಖದ ನೆನಪೊಂದನ್ನು ಮನಸ್ಸಿಗೆ ತಂದುಕೊಂಡು ಮಂತ್ರ ಹೇಳಬೇಕು. ಹ್ಯಾರಿ ಅವಸರದಲ್ಲಿ ಮೊದಲ ಸಲ ಪೊರಕೆ ಏರಿ ಹಾರಿದ್ದನ್ನು ನೆನೆಯುತ್ತಾನೆ. ಸಾಲುವುದಿಲ್ಲ, ದೊಪ್ಪನೆ ಬೀಳುತ್ತಾನೆ. ಎರಡನೇ ಸಲ ಗೆಲ್ಲುತ್ತಾನೆ. ಏನು ನೆನೆದೆ ಅಂತ ಮೇಷ್ಟ್ರು ಕೇಳಿದರೆ, ಅಪ್ಪ ಅಮ್ಮ ತನ್ನ ಜೊತೆ ಸುಮ್ಮನೆ ಮಾತಾಡುತ್ತಿರುವುದನ್ನು ಅನ್ನುತ್ತಾನೆ. ಅದು ನಿಜವಾಗಿ ನಡೆದದ್ದೋ ಅಲ್ಲವೋ ಅದೂ ಅವನಿಗೆ ಗೊತ್ತಿಲ್ಲ. ಗೆದ್ದ ಆಟ ಅಲ್ಲ, ಸಿಕ್ಕಿದ ಬಹುಮಾನ ಅಲ್ಲ. ಮನೆಯವರು ಕೂತು ಮಾತಾಡಿದ್ದು. ನಿನಗಾದರೆ ಆ ಭಾಗ್ಯ ದಿನಾ ರಾತ್ರಿ ಊಟದ ಹೊತ್ತಿಗೆ ಸಿಗುತ್ತದೆ, ನೀನೋ ತಟ್ಟೆಯ ಮುಂದೆ ಮೊಬೈಲು ಉಜ್ಜುತ್ತಾ ಕೂರುತ್ತೀಯ!

ನಿನ್ನಂಥ ಆತುರಗಾರರಿಗೆಂದೇ ಇನ್ನೊಂದು ದೃಶ್ಯ ಇದೆ. ಬಕ್‌ಬೀಕ್ ಅನ್ನುವ ಹಿಪ್ಪೊಗ್ರಿಫ್, ಮುಂದೆ ಹದ್ದು ಹಿಂದೆ ಕುದುರೆ. ಅದರ ಹತ್ತಿರ ಹೋಗುವವರು ಮೊದಲು ತಲೆಬಾಗಿ ನಿಲ್ಲಬೇಕು. ಅದೂ ಬಾಗುವವರೆಗೆ ಕಾಯಬೇಕು. ಹ್ಯಾರಿ ಕಾಯುತ್ತಾನೆ. ಆ ಕಾಯುವಿಕೆಯನ್ನು ಸಿನಿಮಾ ಕತ್ತರಿಸುವುದಿಲ್ಲ, ನಮ್ಮನ್ನೂ ಉಸಿರು ಹಿಡಿಸಿ ನಿಲ್ಲಿಸುತ್ತದೆ. ಆಮೇಲೆ ಅವನಿಗೆ ಕೆರೆಯ ಮೇಲೆ ಹಾರುವ ಸುಖ. ಮ್ಯಾಲ್ಫಾಯ್ ಸೆಟೆದುಕೊಂಡು ನುಗ್ಗಿ ಬೈಯುತ್ತಾನೆ, ಕೈಗೆ ಗೀರಿಸಿಕೊಳ್ಳುತ್ತಾನೆ. ಆ ಹುಡುಗನ ಗೀರಿಗೆ ಪಾಪ ಆ ಪ್ರಾಣಿಗೆ ಮರಣದಂಡನೆ. ಒಬ್ಬರ ಆತುರಕ್ಕೆ ಇನ್ನೊಬ್ಬರು ಬೆಲೆ ತೆರುವುದು ಹೇಗೆ ಅಂತ ಇದಕ್ಕಿಂತ ನೇರವಾಗಿ ಯಾವ ನೀತಿಪಾಠದ ಪುಸ್ತಕ ಹೇಳುತ್ತದೆ?

ರಿಮೋಟನ್ನು ಮುಂದಕ್ಕಲ್ಲ, ಹಿಂದಕ್ಕೆ ಒತ್ತಬೇಕಾದ ಜಾಗ ಕೊನೆಯಲ್ಲಿದೆ. ಸಂಜೆ, ಕೊಡಲಿ ಮೇಲೇಳುತ್ತದೆ, ಬೀಳುತ್ತದೆ, ಕಾಗೆಗಳು ಹಾರುತ್ತವೆ. ದೂರದಲ್ಲಿ ನಿಂತ ಮೂವರು ಮಕ್ಕಳು ಅಪ್ಪಿಕೊಂಡು ಅಳುತ್ತಾರೆ. ನಾವೂ ಬಕ್‌ಬೀಕ್ ಸತ್ತಿತು ಅಂದುಕೊಳ್ಳುತ್ತೇವೆ. ಆಮೇಲೆ ಹರ್ಮಯೋನಿಯ ಕೊರಳಲ್ಲಿರುವ ಕಾಲಚಕ್ರವನ್ನು ತಿರುಗಿಸಿ ಅವಳೂ ಹ್ಯಾರಿಯೂ ಅದೇ ಸಂಜೆಗೆ ವಾಪಸು ಬರುತ್ತಾರೆ. ಈ ಸಲ ಹತ್ತಿರದಿಂದ ನೋಡುತ್ತೇವೆ: ಬಕ್‌ಬೀಕ್ ತಪ್ಪಿಸಿಕೊಂಡಾಗಿದೆ, ಕಟುಕ ಸಿಟ್ಟಿನಲ್ಲಿ ಕೊಡಲಿ ಬೀಸಿದ್ದು ಕುಂಬಳಕಾಯಿಗೆ. ಮೊದಲ ಸಲ ಗುಡಿಸಲಿನ ಕಿಟಕಿಯಿಂದ ಕಲ್ಲು ತೂರಿ ಬಂದು ಹ್ಯಾರಿಯ ತಲೆಗೆ ಬಿದ್ದಿತ್ತಲ್ಲ, ಯಾರು ಎಸೆದರು ಅಂತ ಈಗ ಗೊತ್ತಾಗುತ್ತದೆ. ಇಲ್ಲಿ ನಿಲ್ಲಿಸು. ಹಿಂದಕ್ಕೆ ಹೋಗು. ಮೊದಲನೇ ಸಂಜೆಯನ್ನು ತಂಗಿಗೆ ಮತ್ತೆ ತೋರಿಸು, ಕಲ್ಲು ಎಲ್ಲಿ, ಗುಡಿಸಲಿನ ಹಿಂದೆ ರೆಂಬೆ ಮುರಿದ ಸದ್ದು ಎಲ್ಲಿ ಅಂತ ಅವಳೇ ಹುಡುಕಲಿ. ಥಿಯೇಟರಿನಲ್ಲಿ ದುಡ್ಡು ಕೊಟ್ಟು ನೋಡಿದವರಿಗೂ ಇಲ್ಲದ ಸುಖ ಇದು. ಸ್ವಲ್ಪ ಹೊತ್ತಿನ ಹಿಂದೆ ಕಣ್ಣೊರೆಸಿಕೊಂಡ ಮಗು ಅದೇ ಕೊಡಲಿ ಸದ್ದಿಗೆ ಕಿಲಕಿಲ ನಗುವುದನ್ನು ನೀನೇ ಕಣ್ಣಾರೆ ನೋಡು.

ಬಾಯಿ ಮಾತ್ರ ಭದ್ರ. ಅಜ್ಕಬಾನ್ ಜೈಲಿನಿಂದ ತಪ್ಪಿಸಿಕೊಂಡ ಕೈದಿ ಸಿರಿಯಸ್ ಬ್ಲ್ಯಾಕ್ ಒಳ್ಳೆಯವನು ಅಂತ ಮೊದಲೇ ಉಸುರಿದರೆ ಸಿನಿಮಾದ ಅರ್ಧ ಜೀವ ಹೋಯಿತು. ನಿನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಂತ ಗೊತ್ತು, ಅವತ್ತೊಂದು ದಿನ ತಡೆದುಕೋ.

ಕೆಲಸ ಒಪ್ಪಿಕೊಂಡವರು ಅದಕ್ಕೆ ಹೇಗೆ ಮೈಯೊಡ್ಡುತ್ತಾರೆ ಅನ್ನುವುದಕ್ಕೆ ಈ ಸಿನಿಮಾದ ಹಿಂದಿನ ಒಂದು ಕತೆ ಹೇಳಲೇಬೇಕು. ಕ್ವಾರೋನ್ ಮೂವರು ಮಕ್ಕಳಿಗೂ ತಂತಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆದು ತನ್ನಿ ಅಂದರು. ಹರ್ಮಯೋನಿ ಆಗಿದ್ದ ಎಮ್ಮಾ ವಾಟ್ಸನ್ ಹದಿನಾರು ಪುಟದಷ್ಟು ಬರೆದು ತಂದಳು. ಹ್ಯಾರಿ ಆಗಿದ್ದ ಡೇನಿಯಲ್ ರಾಡ್‌ಕ್ಲಿಫ್ ಒಂದು ಪುಟ. ರಾನ್ ಆಗಿದ್ದ ರೂಪರ್ಟ್ ಗ್ರಿಂಟ್ ಬರೆಯಲೇ ಇಲ್ಲ, ರಾನ್ ಆಗಿದ್ದರೂ ಬರೆಯುತ್ತಿರಲಿಲ್ಲ ಅಂದ! ಮೂವರೂ ತಮ್ಮ ಪಾತ್ರವನ್ನು ಅರಿತಿದ್ದಾರೆ ಅಂತ ಕ್ವಾರೋನ್‌ಗೆ ಖುಷಿಯಾಯಿತು. ನೀನು ಈ ಕತೆ ಕೇಳಿ ಹೋಂವರ್ಕ್ ತಪ್ಪಿಸಲು ರೂಪರ್ಟನ ಹೆಸರು ಹೇಳಬೇಡ. ನಿನಗೆ ಬೇಕಾದ್ದು ಎಮ್ಮಾಳ ಹದಿನಾರು ಪುಟ. ಹಿರಿಯರನ್ನೂ ಗಮನಿಸು. ಮೊದಲೆರಡರಲ್ಲಿ ಡಂಬಲ್‌ಡೋರ್ ಆಗಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಮೈಕಲ್ ಗ್ಯಾಂಬನ್ ಹ್ಯಾರಿಸರನ್ನು ನಕಲು ಮಾಡಲು ಹೋಗದೆ ತಮ್ಮದೇ ಗತ್ತಿನಲ್ಲಿ ನಡೆದರು. ಅವರೂ 2023ರಲ್ಲಿ ಹೋದರು. ತಾತ ಬದಲಾಗಿದ್ದಾರೆ ಅಂತ ತಂಗಿ ಕೇಳಿಯೇ ಕೇಳುತ್ತಾಳೆ. ಸುಳ್ಳು ಹೇಳಿ ಸಮಾಧಾನ ಮಾಡಬೇಡ, ಇದ್ದದ್ದನ್ನು ಹೇಳು.

ಮುಗಿದ ಮೇಲೆ ಅವಳು ಇನ್ನೊಂದು ಕೇಳಿದರೆ ಅದಕ್ಕೂ ತಯಾರಾಗಿರು. ಒಳ್ಳೆಯ ಮೇಷ್ಟ್ರು ಯಾಕೆ ಕೆಲಸ ಬಿಟ್ಟು ಹೋದರು? ಲೂಪಿನ್ ಹುಣ್ಣಿಮೆಗೆ ತೋಳವಾಗುವವರು ಅನ್ನುವ ಸುದ್ದಿ ಹೊರಗೆ ಬಿತ್ತು, ಅಂಥವರು ನಮ್ಮ ಮಕ್ಕಳಿಗೆ ಪಾಠ ಹೇಳುವುದು ಬೇಡ ಅಂತ ಹೆತ್ತವರು ಅನ್ನುತ್ತಾರೆ ಅಂತ ಅವರೇ ಪೆಟ್ಟಿಗೆ ಕಟ್ಟಿದರು. ನಿಜವಾದ ಅಪರಾಧಿ ತಪ್ಪಿಸಿಕೊಂಡ. ಸಿರಿಯಸ್ ಜೀವ ಉಳಿಸಿಕೊಂಡರೂ ತಲೆಮರೆಸಿಕೊಂಡೇ ಬದುಕಬೇಕು. ನನ್ನ ಮಟ್ಟಿಗೆ ಈ ಸಿನಿಮಾದ ಗಾಢ ಕತ್ತಲು ಡಿಮೆಂಟರುಗಳಲ್ಲಿಲ್ಲ, ಇಲ್ಲಿದೆ. ಮಕ್ಕಳ ಕತೆಯ ಕೊನೆಗೆ ಎಲ್ಲ ಸರಿಹೋಗಲೇಬೇಕು ಅನ್ನುವ ಒಪ್ಪಂದವನ್ನು ಇದು ಮುರಿಯುತ್ತದೆ. ತಂಗಿಗೆ ಸಿಟ್ಟು ಬಂದರೆ ಒಳ್ಳೆಯದೇ. ‘ಅದು ಬರೀ ಸಿನಿಮಾ ಕಣೇ’ ಅಂತ ಮಾತು ತೇಲಿಸಬೇಡ. ಅನ್ಯಾಯ ಕಂಡು ಏಳು ವರ್ಷಕ್ಕೇ ಮೈ ಉರಿದರೆ ಆ ಉರಿ ಆರದಿರಲಿ ಅಂತ ನಾನು ಬಯಸುವವಳು. ಅವಳ ಜೊತೆ ನೀನೂ ಸಿಟ್ಟುಮಾಡು.

ಹಾಗಾಗಿ ಇದನ್ನು ರಾತ್ರಿ ಹಾಕಬೇಡ, ಮಧ್ಯಾಹ್ನ ಊಟವಾದ ಮೇಲೆ ಹಾಕು. ಎರಡು ಗಂಟೆ ಇಪ್ಪತ್ತು ನಿಮಿಷ ಆಗುತ್ತದೆ, ನಡುವೆ ನಿಲ್ಲಿಸುವುದಕ್ಕೆಲ್ಲ ಸೇರಿಸಿ ಮೂರು ಗಂಟೆ ಇಟ್ಟುಕೋ. ಸಂಜೆ ಅವಳನ್ನು ಹೊರಗೆ ಆಡಲು ಕರಕೊಂಡು ಹೋಗು. ಅದೇ ಬಿಸಿಯಲ್ಲಿ ನಾಲ್ಕನೆಯದನ್ನು ಹಚ್ಚಬೇಡ. ಮೂರನೆಯದಕ್ಕೆ ಇಂಗ್ಲೆಂಡಿನವರು ದೊಡ್ಡವರ ಮಾರ್ಗದರ್ಶನ ಇದ್ದರೆ ಸಾಕು ಅನ್ನುವ ಪಿಜಿ ಕೊಟ್ಟಿದ್ದರು. ನಾಲ್ಕನೆಯದಕ್ಕೆ ಬಂದಾಗ ಹನ್ನೆರಡರ ಗೆರೆ ಎಳೆದರು. ಅದರಲ್ಲಿ ಒಬ್ಬ ಹುಡುಗ ಸಾಯುತ್ತಾನೆ, ಅವನನ್ನು ಕಾಲಚಕ್ರ ತಿರುಗಿಸಿ ಯಾರೂ ವಾಪಸು ತರುವುದಿಲ್ಲ. ನೀನು ಬೇಕಾದರೆ ನೋಡು. ತಂಗಿಗೆ ಇನ್ನೂ ಕೆಲವು ವರ್ಷ ಹೋಗಲಿ. ಅತ್ತು ಕರೆದು ರಂಪ ಮಾಡಿದರೆ ಅವಳನ್ನು ನನ್ನ ಹತ್ತಿರ ಕಳಿಸು.