ಸೆಣಬಿನ ಹೊಲದ ಹಗಲು ಪತಂಗ

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ತೆಂಗಿನ ತೋಟಗಳಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತುವುದುಂಟು. ಬೆಳೆ ಮೊಣಕಾಲೆತ್ತರ ಬಂದಾಗ ಅದರೊಳಗೆ ನಡೆದರೆ ಹಾಡುಹಗಲಿನಲ್ಲೇ ಸಣ್ಣ ಬಿಳಿ ಪತಂಗಗಳು ಎದ್ದು, ನಾಲ್ಕಾರು ಮಾರು ಹಾರಿ ಮತ್ತೆ ಗಿಡದ ಮೇಲೆ ಕೂರುತ್ತವೆ. ತೆಂಗಿನ ಗರಿ ಸುಟ್ಟಂತೆ ಒಣಗಿರುವ ತೋಟದಲ್ಲಿ ಇವನ್ನು ಕಂಡರೆ, ಗರಿ ತಿನ್ನುವ ಹುಳುವಿನ ತಾಯಿ ಇದೇ ಎಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ.

ಈ ಪತಂಗದ ಹೆಸರು ಯುಟೆಥೀಸಾ ಪಲ್ಚೆಲ್ಲಾ. ರೆಕ್ಕೆ ಬಿಚ್ಚಿದಾಗ ಅಗಲ ಒಂದರಿಂದ ಒಂದೂವರೆ ಅಂಗುಲ. ಮುಂದಿನ ರೆಕ್ಕೆ ಕೆನೆಬಿಳುಪು. ಅದರ ತುಂಬ ಕೆಂಪು ಮತ್ತು ಕಪ್ಪು ಚುಕ್ಕೆಗಳು. ಹಿಂದಿನ ರೆಕ್ಕೆ ಬಿಳುಪಾಗಿದ್ದು ಅಂಚು ಕಪ್ಪಾಗಿರುತ್ತದೆ. ಕುಳಿತಾಗ ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಸಣ್ಣ ಕೊಳವೆಯಂತೆ ಕಾಣುತ್ತದೆ. ಚಿಟ್ಟೆಯ ಮೀಸೆಯ ತುದಿ ಗುಂಡಾಗಿ ಉಬ್ಬಿರುತ್ತದೆ. ಇದರ ಮೀಸೆ ದಾರದಂತೆ ತೆಳ್ಳಗಿರುತ್ತದೆ. ಹಗಲಿನಲ್ಲಿ ಹಾರಿದ ಮಾತ್ರಕ್ಕೆ ಇದು ಚಿಟ್ಟೆಯಲ್ಲ. ರಾತ್ರಿ ದೀಪಕ್ಕೂ ಬರುತ್ತದೆ.

ಇದರ ಮರಿಹುಳು ಸೆಣಬು ಮತ್ತು ಅದರ ಜಾತಿಯ ಕಾಡುಗಿಡಗಳ ಎಲೆ ತಿಂದು, ಕಾಯಿಯನ್ನೂ ಕೊರೆಯುತ್ತದೆ. ಈ ಗಿಡಗಳಲ್ಲಿರುವ ವಿಷದ್ರವ್ಯ ಹುಳುವಿನ ಮೈಯಲ್ಲಿ ಉಳಿದು ಪತಂಗಕ್ಕೂ ಬರುವುದರಿಂದ ಹಕ್ಕಿಗಳು ಇದನ್ನು ಮುಟ್ಟಲು ಹಿಂಜರಿಯುತ್ತವೆ. ಬಯಲಿನಲ್ಲಿ ಕೆಂಪು ಚುಕ್ಕೆ ತೋರಿಸಿಕೊಂಡು ಹಾರುವ ಧೈರ್ಯ ಅದಕ್ಕೆ ಬಂದಿರುವುದು ಹೀಗೆ. ತೆಂಗಿನ ಗರಿಯ ಗೊಡವೆ ಅದಕ್ಕಿಲ್ಲ.

ತೆಂಗಿನ ಕಪ್ಪುತಲೆ ಹುಳುವಿನ ಪತಂಗವೇ ಬೇರೆ. ಅದು ಬೂದುಬಣ್ಣದ ಸಣ್ಣ ಕೀಟ. ಹಗಲೆಲ್ಲ ಸುಮ್ಮನೆ ಕುಳಿತಿದ್ದು ರಾತ್ರಿ ಚಟುವಟಿಕೆ ನಡೆಸುತ್ತದೆ. ಅದನ್ನು ಹುಡುಕುವುದಕ್ಕಿಂತ ಕೆಳಗಿನ ಗರಿಗಳ ಅಡಿಭಾಗ ನೋಡುವುದು ಮೇಲು. ನೂಲು ಮತ್ತು ಹಿಕ್ಕೆಯಿಂದ ನೇಯ್ದ ಸುರಂಗಗಳಿದ್ದರೆ ಹುಳು ಇದೆಯೆಂದು ತಿಳಿಯಬೇಕು. ಈ ಹುಳುವನ್ನು ಕೊಲ್ಲುವ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ತೋಟಗಳಲ್ಲಿ ಬಿಡುವ ಕ್ರಮವಿದೆ. ಸೆಣಬಿನ ಪತಂಗಕ್ಕೆ ಹೆದರಿ ತೋಟಕ್ಕೆಲ್ಲ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಈ ಕಣಜವೇ. ಕಪ್ಪುತಲೆ ಹುಳು ಸುರಂಗದೊಳಗೆ ಸುರಕ್ಷಿತವಾಗಿ ಉಳಿಯಬಹುದು. ಔಷಧಿಯ ಖರ್ಚು ಬೇರೆ.

ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚುವ ಸೆಣಬಿಗೆ ಸಿಂಪರಣೆ ಬೇಕಿಲ್ಲ. ಎಲೆ ಅಲ್ಲಲ್ಲಿ ತೂತಾದರೆ ಗೊಬ್ಬರಕ್ಕೇನೂ ದೊಡ್ಡ ಕೊರತೆಯಾಗದು. ಬೀಜಕ್ಕೆ ಬಿಟ್ಟ ಬೆಳೆಯ ಮಾತು ಬೇರೆ: ಕಾಯಿ ಕಟ್ಟುವಾಗ ಗಿಡ ನೋಡುತ್ತಿರಬೇಕು. ಬಿಳಿ ಗೆರೆ, ಕಿತ್ತಳೆ ಗುರುತು, ವಿರಳ ಕೂದಲುಗಳುಳ್ಳ ಕಪ್ಪು ಹುಳುಗಳನ್ನು ಆರಿಸಿ ನಾಶಮಾಡಬೇಕು.

ನೋಡಿ ಕಲಿಯಲು ಅಮೃತಮಹಲ್ ಕಾವಲುಗಳಂಥ ಹುಲ್ಲುಬಯಲು ಒಳ್ಳೆಯ ಜಾಗ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಸಂರಕ್ಷಿತ ಮೀಸಲು; ಅಂಥಲ್ಲಿ ಅನುಮತಿಯಿಲ್ಲದೆ ಒಳಹೋಗಬಾರದು, ಏನನ್ನೂ ಹಿಡಿಯಬಾರದು. ಸ್ವಂತ ಹೊಲದ ಬದುವೂ ಸಾಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನಿಧಾನವಾಗಿ ನೂರು ಹೆಜ್ಜೆ ನಡೆದು, ಎದ್ದ ಪತಂಗಗಳೆಷ್ಟು, ಯಾವ ಗಿಡದಿಂದ ಎದ್ದವು ಎಂದು ಬರೆದಿಡಬೇಕು. ತಾನಾಗಿ ಹಾರಾಡುತ್ತಿದ್ದುದು ಯಾವುದು, ಕಾಲು ತಗುಲಿ ಬೆದರಿ ಎದ್ದುದು ಯಾವುದು ಎಂಬುದನ್ನೂ ಗುರುತಿಸಬೇಕು. ಕೋಸಿನ ಹೊಲದಲ್ಲಿ ಏಳುವ ವಜ್ರಬೆನ್ನಿನ ಪತಂಗ ಈ ಎರಡನೆಯ ಬಗೆಯದು. ಸಂಜೆಯ ನಂತರವೇ ಅದರ ನಿಜವಾದ ಓಡಾಟ.

ಗುರುತು ಸಿಗದಿದ್ದರೆ ಹೊಲದ ಮರಿಹುಳುವೊಂದನ್ನು ಅದು ತಿನ್ನುತ್ತಿದ್ದ ರೆಂಬೆಯೊಡನೆ ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ರೈತ ಸಂಪರ್ಕ ಕೇಂದ್ರಕ್ಕೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬಹುದು. ರೆಂಬೆಯನ್ನು ಮರೆಯಬಾರದು, ಅನೇಕ ಹುಳುಗಳ ಹೆಸರು ಅವು ತಿನ್ನುವ ಗಿಡದಿಂದಲೇ ಹೊಳೆಯುತ್ತದೆ.